ಮಾವ ಕೊಟ್ಟ ವಾಕ್ಯ

ಬಂಟ್ವಾಳ
25 ಜೂನ್ 2023

ಚಿ. ಸುರಕ್ಷಾಳಿಗೆ ನಿನ್ನ ಮಾವ ಕಮಲಾಕ್ಷನ ಆಶೀರ್ವಾದಗಳು.

ಕಾಗದ ಬರೆಯದೆ ಎಷ್ಟೋ ವರ್ಷ ಆಯಿತು. ಮುಂಬಯಿಯ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತಿದ್ದಾಗ ಊರಿಗೆ, ನಿನ್ನ ಅಮ್ಮನಿಗೆ ಬರೆದದ್ದೇ ಕೊನೆ. ನಿಮ್ಮ ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲವಂತೆ. ಕಳೆದ ಭಾನುವಾರ ಆಫೀಸಿನ ಫೋನಿನಲ್ಲಿ ನೀನು ಅತ್ತದ್ದು ಮಾತ್ರ ಕೇಳಿಸಿತು, ಏನು ಹೇಳಿದೆ ಅಂತ ಅರ್ಧವೂ ಗೊತ್ತಾಗಲಿಲ್ಲ. ಮತ್ತೆ ನಿನ್ನ ಅಮ್ಮ ಪ್ರಫುಲ್ಲಾ ಕೊಕ್ಕಡದಿಂದ ಫೋನ್ ಮಾಡಿ, "ಅಣ್ಣ, ಅವಳಿಗೆ ಇಂಗ್ಲಿಷ್ ತಲೆಗೆ ಹೋಗುದಿಲ್ಲಂತೆ. ವಾಪಸ್ ಬರ್ತೇನೆ ಅಂತಾಳೆ. ನೀನೊಮ್ಮೆ ಹೇಳು" ಅಂದಳು.

ನಿಮ್ಮ ಶಿವಕೃಷ್ಣ ಸರ್ ವಾರವಾರವೂ ದೊಡ್ಡ ದೊಡ್ಡ ಇಂಗ್ಲಿಷ್ ಪದ ಕೊಟ್ಟು, ಅರ್ಥ ಬರೆದು ಸ್ವಂತ ವಾಕ್ಯ ಮಾಡಿಕೊಂಡು ಬನ್ನಿ ಅನ್ನುತ್ತಾರಂತಲ್ಲ. ಕ್ಲಾಸಿನಲ್ಲಿ ಕನ್ನಡ ಶಾಲೆಯಿಂದ ಬಂದವಳು ನೀನೊಬ್ಬಳೇ ಅಂತ ಅಳುವುದು ಬೇಡ. ಆ ಪದಗಳನ್ನು ನನಗೂ ಬರೆದು ಕಳಿಸು. ಏಳನೇ ಕ್ಲಾಸಿನಲ್ಲಿ ಇಂಗ್ಲಿಷಿಗೇ ಡುಮ್ಕಿ ಹೊಡೆದವ ನಾನು. ಒಟ್ಟಿಗೆ ಕಲಿಯುವ. ನಿನಗಿಂತ ದಡ್ಡ ಒಬ್ಬ ಕ್ಲಾಸಿನಲ್ಲಿ ಉಂಟು ಅಂತ ನಿನಗೆ ಧೈರ್ಯ ಇರಲಿ.

ನಿನ್ನ ಮಾವ
ಕಮಲಾಕ್ಷ


ಮೂಡುಬಿದಿರೆ
9 ಜುಲೈ 2023

ಪ್ರೀತಿಯ ಮಾವನಿಗೆ ಸುರಕ್ಷಾಳ ನಮಸ್ಕಾರಗಳು.

ನಿಮ್ಮ ಪತ್ರವನ್ನು ನನ್ನ ರೂಮಿನ ಆಫ್ರಾಳಿಗೂ ಓದಿ ಹೇಳಿದೆ. ತುಂಬಾ ನಗಾಡಿದಳು. ನಾನು ಈಗ ಅಳುವುದಿಲ್ಲ. ಎಲ್ಲ ಸರಿಯಾಗಿದೆ. ಸರ್ ಕೂಡ ಒಳ್ಳೆಯವರು.

ನಿಮಗೆ ಮೊದಲ ಪಾಠ:

ರಿಲಕ್ಟೆಂಟ್: ಮನಸ್ಸಿಲ್ಲದ, ಹಿಂದೆಮುಂದೆ ನೋಡುವ. ವಾಕ್ಯ: ಮಗು ಶಾಲೆಗೆ ಹೋಗಲು ರಿಲಕ್ಟೆಂಟ್.

ಆಬ್‌ಸ್ಟಿನೇಟ್: ಹಟಮಾರಿ, ಹೇಳಿದ್ದು ಕೇಳದ. ವಾಕ್ಯ: ಆಬ್‌ಸ್ಟಿನೇಟ್ ರೋಗಿ ಮದ್ದು ಕುಡಿಯಲಿಲ್ಲ.

ನೀವೂ ವಾಕ್ಯ ಮಾಡಿ ಕಳಿಸಬೇಕು. ಇನ್ನೊಂದು ವಿಷಯ. ಪದ ಯಾವ ವಾಕ್ಯದಲ್ಲಿ ಬಂದಿದೆ ಅಂತ ನೋಡದೆ ಅರ್ಥ ಹೇಳಬಾರದು ಅಂತ ಸರ್ ಹೇಳುತ್ತಾರೆ. ಒಂದೇ ಪದ ಒಂದೊಂದು ಕಡೆ ಒಂದೊಂದು ಥರ ಇರುತ್ತದಂತೆ.

ನಿಮ್ಮ
ಸುರಕ್ಷಾ


ಬಂಟ್ವಾಳ
30 ಜುಲೈ 2023

ಟೀಚರಿಗೆ ನಮಸ್ಕಾರ!

ಹೋಂವರ್ಕ್ ತಡವಾಯಿತು. ನೋಡು, ಸರಿ ಉಂಟಾ?

ಮೀನಿನ ಹಾಜಬ್ಬ ದೊಡ್ಡ ಬಂಗುಡೆಯನ್ನು ನನಗೆ ಕೊಡಲು ರಿಲಕ್ಟೆಂಟ್, ಎದುರಿನ ಹೋಟೆಲಿಗೆ ಕೊಡಲು ಮಾತ್ರ ಅಲ್ಲ. ಇದನ್ನು ಅವನ ಎದುರೇ ಹೇಳಿದೆ. "ಬೈದದ್ದಾ, ಹೊಗಳಿದ್ದಾ ಶೆಟ್ರೇ?" ಅಂತ ಕೇಳಿದ. ಹೊಗಳಿದ್ದು ಅಂದೆ. ಮರುದಿನ ಒಳ್ಳೆಯ ಮೀನು ಬಂತು. ಇಂಗ್ಲಿಷ್ ಕಲಿತದ್ದಕ್ಕೆ ಲಾಭ ಆಯಿತಲ್ಲ!

ನಮ್ಮ ಗ್ರೈಂಡರ್ ಆಬ್‌ಸ್ಟಿನೇಟ್. ಒದ್ದರೆ ಮಾತ್ರ ತಿರುಗುತ್ತದೆ.

ನನಗೆ ಸ್ವಲ್ಪ ಹೊಟ್ಟೆ ಉರಿ. ಊಟ ಸೇರುವುದಿಲ್ಲ. ಹೋಟೆಲಿನವನಿಗೇ ಊಟ ಸೇರದಿದ್ದರೆ ಗಿರಾಕಿಗಳು ಏನು ಹೇಳಿಯಾರು? ಮಂಗಳೂರಿಗೆ ಹೋಗಿ ತೋರಿಸಿ ಬರುತ್ತೇನೆ. ದೊಡ್ಡದೇನಲ್ಲ.

ಕಮಲಾಕ್ಷ


ಮೂಡುಬಿದಿರೆ
10 ಸೆಪ್ಟೆಂಬರ್ 2023

ಪ್ರೀತಿಯ ಮಾವನಿಗೆ,

ಹೊಟ್ಟೆಯಲ್ಲಿ ಹುಣ್ಣಾಗಿ ಆಪರೇಷನ್ ಆಯಿತು ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ನಾನು ಬರುತ್ತೇನೆ ಅಂದರೆ ನೀವೇ ಬೇಡ ಅಂದಿರಂತೆ. ನನ್ನ ಟೆಸ್ಟ್ ಮುಖ್ಯವಾ, ನೀವಾ? ಖಾರ ತಿನ್ನಬೇಡಿ. ಗಲ್ಲೆಯಲ್ಲಿ ಕುಳಿತು ಆ ಗ್ರೈಂಡರಿನ ಹಾಗೆ ಹಟ ಮಾಡಬೇಡಿ, ಎಲ್ಲರಿಗೂ ಬೈಯಬೇಡಿ, ಹೊಲಿಗೆ ಎಳೆಯುತ್ತದೆ.

ಮಲಗಿದಲ್ಲೇ ಓದಲು ಎರಡು ಪದ:

ಸಾಲಿಟರಿ: ಒಂಟಿ. ವಾಕ್ಯ: ಊಟದ ಹಾಲಿನಲ್ಲಿ ಎಲ್ಲರೂ ಗುಂಪುಗುಂಪಾಗಿ ಕುಳಿತಿದ್ದಾಗ ಒಬ್ಬಳು ಹುಡುಗಿ ಸಾಲಿಟರಿಯಾಗಿ ಕುಳಿತಿದ್ದಳು.

ಕನ್ಸೀಲ್: ಮುಚ್ಚಿಡು. ವಾಕ್ಯ: ಅವಳು ತನ್ನ ಮಾರ್ಕನ್ನು ಮನೆಯವರಿಂದ ಕನ್ಸೀಲ್ ಮಾಡಿದಳು.

ನಾನು ಚೆನ್ನಾಗಿ ಓದುತ್ತಿದ್ದೇನೆ.

ನಿಮ್ಮ
ಸುರಕ್ಷಾ


ಬಂಟ್ವಾಳ
8 ಅಕ್ಟೋಬರ್ 2023

ಚಿ. ಸುರಕ್ಷಾಳಿಗೆ ಆಶೀರ್ವಾದಗಳು.

ನಿನ್ನ ವಾಕ್ಯಗಳು ಎಷ್ಟು ಚೆಂದ ಆಗಿವೆ! ಒಂಟಿ ಹುಡುಗಿಯದ್ದನ್ನು ಹಾಜಬ್ಬನಿಗೆ ಓದಿ ಹೇಳಿದೆ. ಪೇಪರಿನಲ್ಲಿ ಬರುವ ಕಥೆಯ ಹಾಗೆ ಉಂಟು ಅಂದ. ನನ್ನ ಸೊಸೆ ಇಲ್ಲದ್ದನ್ನೂ ಇದ್ದ ಹಾಗೆ ಬರೆಯುತ್ತಾಳೆ ಅಂತ ನಾನು ಬೀಗಿದೆ.

ನಾನು ಗುಣವಾದೆ. ಹುಣ್ಣು ತೆಗೆದಾಯಿತು. ಮೊನ್ನೆ ಧರ್ಮಸ್ಥಳಕ್ಕೆ ಹೋಗಿ ಹರಕೆ ಒಪ್ಪಿಸಿ ತಲೆ ಬೋಳಿಸಿದೆ. ಮುಂದಿನ ಸಲ ನೋಡುವಾಗ ಹೆದರಬೇಡ. ಗಡ್ಡವನ್ನೂ ದೇವರಿಗೇ ಕೊಟ್ಟಿದ್ದೇನೆ. ಸ್ವಲ್ಪ ಸಪೂರ ಆಗಿದ್ದೇನೆ, ಈಗ ಹಳೆಯ ಅಂಗಿಗಳೆಲ್ಲ ಹಿಡಿಸುತ್ತವೆ.

ಈ ಸಲ ನಾನೇ ಒಂದು ಪದ ಕೇಳುತ್ತೇನೆ. ಅನ್‌ರಿಮಾರ್ಕೆಬಲ್ ಅಂದರೆ ಏನು? ಮೊಬೈಲಿನಲ್ಲಿ ಹುಡುಕಿದರೆ ಅದು ಕೊಡುವ ಕನ್ನಡ ಅರ್ಥಕ್ಕೆ ಇನ್ನೊಂದು ಅರ್ಥ ಹುಡುಕಬೇಕಾಗುತ್ತದೆ. ಡಾಕ್ಟರ್, ಮೇಸ್ಟ್ರು ಅಂತ ಯಾರಲ್ಲಾದರೂ ಕೇಳಿದರೆ ಯಾಕೆ, ಏನು ಅಂತ ಶುರು ಮಾಡುತ್ತಾರೆ. ನೀನು ಬರೆದರೆ ನನಗೆ ಅರ್ಥವಾಗುತ್ತದೆ.

ಕಮಲಾಕ್ಷ


ಮೂಡುಬಿದಿರೆ
22 ಅಕ್ಟೋಬರ್ 2023

ಪ್ರೀತಿಯ ಮಾವನಿಗೆ,

ಅನ್‌ರಿಮಾರ್ಕೆಬಲ್: ಎದ್ದು ಕಾಣುವಂಥದ್ದೇನೂ ಇಲ್ಲದ, ಸಾಧಾರಣ. ವಾಕ್ಯ: ಅವಳೊಬ್ಬಳು ಅನ್‌ರಿಮಾರ್ಕೆಬಲ್ ವಿದ್ಯಾರ್ಥಿನಿ, ಸರ್‌ಗೆ ಅವಳ ಹೆಸರೇ ನೆನಪಿರುವುದಿಲ್ಲ.

ಆದರೆ ಇದು ಆಗುವುದಿಲ್ಲ ಮಾವ. ವಾಕ್ಯ ಕೊಡದೆ ಪದ ಮಾತ್ರ ಕೇಳಬಾರದು ಅಂತ ಮೊದಲೇ ಹೇಳಿದ್ದೇನೆ. ಇನ್ನು ಮುಂದೆ ಯಾರು ಹೇಳಿದ್ದು, ಯಾವುದರ ಬಗ್ಗೆ ಹೇಳಿದ್ದು ಅಂತ ಬರೆದರೆ ಮಾತ್ರ ಟೀಚರ್ ಉತ್ತರ ಕೊಡುತ್ತಾರೆ.

ತಲೆ ಬೋಳಿಸಿದ ಫೋಟೋ ತೆಗೆದಿಡಿ. ನನಗೆ ನೋಡಬೇಕು.

ನಿಮ್ಮ
ಸುರಕ್ಷಾ


ಬಂಟ್ವಾಳ
26 ನವೆಂಬರ್ 2023

ಚಿ. ಸುರಕ್ಷಾಳಿಗೆ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನೀನೂ ಹಾಗೆಯೇ ಕಳಿಸು. ಒಂದೇ ಒಂದು ಪದ: ಪ್ರೋಗ್ರೆಸಿವ್.

ವಾಕ್ಯ ಬೇಕು ಅಂದೆಯಲ್ಲ, ಕೊಡುತ್ತೇನೆ. ಮೊನ್ನೆ ಹೋಟೆಲಿಗೆ ಕಾಲೇಜಿನ ಇಬ್ಬರು ಮೇಸ್ಟ್ರುಗಳು ಊಟಕ್ಕೆ ಬಂದಿದ್ದರು. ಹೊಸ ಟೇಬಲ್ಲು, ಹೆಂಗಸರು ಕುಳಿತುಕೊಳ್ಳಲು ಬೇರೆ ಕೋಣೆ ಎಲ್ಲ ನೋಡಿ ಒಬ್ಬರು ಇನ್ನೊಬ್ಬರಿಗೆ, ಈ ಹೋಟೆಲ್ ಪ್ರೋಗ್ರೆಸಿವ್ ಅಂದರು. ನನಗೆ ಕೇಳಲು ನಾಚಿಕೆಯಾಯಿತು.

ಇದು ಒಳ್ಳೆಯ ಮಾತಾ, ಕೆಟ್ಟ ಮಾತಾ? ಸರಿಯಾಗಿ ನೋಡಿ ಬರೆ ಮಗಳೇ. ಗಡಿಬಿಡಿ ಮಾಡಬೇಡ.

ಕಮಲಾಕ್ಷ


ಮೂಡುಬಿದಿರೆ
29 ನವೆಂಬರ್ 2023

ಪ್ರೀತಿಯ ಮಾವನಿಗೆ,

ಒಳ್ಳೆಯ ಮಾತು! ತುಂಬಾ ಒಳ್ಳೆಯ ಮಾತು!

ಪ್ರೋಗ್ರೆಸಿವ್: ಮುಂದುವರಿಯುತ್ತಿರುವ, ದಿನದಿಂದ ದಿನಕ್ಕೆ ಸುಧಾರಿಸುತ್ತಿರುವ. ಇದರಲ್ಲಿ ನನಗೆ ಸ್ವಲ್ಪವೂ ಸಂಶಯ ಇಲ್ಲ. ಯಾಕೆ ಗೊತ್ತಾ? ಹೋದ ತಿಂಗಳು ಇದೇ ಪದ ಸರ್ ನಮಗೆ ಕೊಟ್ಟಿದ್ದರು. ಇಡೀ ಕ್ಲಾಸಿನಲ್ಲಿ ನನ್ನ ವಾಕ್ಯವನ್ನೇ ಎದ್ದು ನಿಂತು ಓದಲು ಹೇಳಿದರು. "ಕಪ್ಪುಬಸಿ ತೊಳೆಯುತ್ತಿದ್ದ ನನ್ನ ಮಾವ ಇಂದು ಹೋಟೆಲಿನ ಯಜಮಾನ, ಅವರು ಪ್ರೋಗ್ರೆಸಿವ್ ಮನುಷ್ಯ." ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲಿಗೆ ಬಂದ ಮೇಲೆ ನನಗೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.

ಆ ಮೇಸ್ಟ್ರುಗಳಿಗೆ ಮುಂದಿನ ಸಲ ಒಂದು ಪಾಯಸ ಹೆಚ್ಚು ಕೊಡಿ.

ನಿಮ್ಮ
ಸುರಕ್ಷಾ


ಬಂಟ್ವಾಳ
10 ಡಿಸೆಂಬರ್ 2023

ನನ್ನ ಚಿನ್ನದಂಥ ಟೀಚರಿಗೆ,

ನಿನ್ನ ಕಾಗದ ಬಂದಾಗ ನಾನು ಗಲ್ಲೆಯಲ್ಲಿದ್ದೆ. ನಿಂತೇ ಓದಿದೆ. ಮತ್ತೆ ಒಳಗೆ ಹೋಗಿ ಕುಳಿತು ಇನ್ನೊಮ್ಮೆ ಓದಿದೆ. ಎದೆಯ ಮೇಲೆ ಯಾರೋ ಕುಳಿತಿದ್ದವರು ಎದ್ದು ಹೋದ ಹಾಗಾಯಿತು. ಆ ದಿನ ಎಷ್ಟೋ ಸಮಯದ ಮೇಲೆ ಹೊಟ್ಟೆ ತುಂಬಾ ಕೋರಿರೊಟ್ಟಿ ತಿಂದೆ.

ಈಗ ಮನಸ್ಸು ಹಗುರ ಉಂಟು. ಮುಂಡಾಜೆಯಲ್ಲಿ ನನ್ನ ಶಾಲೆಯ ಗೆಳೆಯ ಕೇಶವಪ್ರಸಾದನ ಮನೆಗೆ ಹೋಗಿ ಎರಡು ದಿನ ನಿಂತು ಬಂದೆ. ತಲೆಯಲ್ಲಿ ಕೂದಲು ಚಿಗುರಿದೆ, ಎಳೆ ಮಗುವಿನದ್ದರ ಹಾಗೆ. ಮದುವೆ ಆಗಿದ್ದರೆ ಹೆಂಡತಿ ನಗುತ್ತಿದ್ದಳು.

ನೀನು ಮೇಲೆ ಬರುತ್ತೀ ಸುರಕ್ಷಾ. ನಿನಗೆ ವಿದ್ಯೆ ಹತ್ತಿದೆ.

ಕಮಲಾಕ್ಷ


ಮೂಡುಬಿದಿರೆ
18 ಫೆಬ್ರವರಿ 2024

ಪ್ರೀತಿಯ ಮಾವನಿಗೆ,

ಜನವರಿಯಲ್ಲಿ ಬರೆದ ಪತ್ರಗಳಿಗೆ ನಿಮ್ಮಿಂದ ಉತ್ತರ ಬರಲಿಲ್ಲ. ಅಮ್ಮನಲ್ಲಿ ಕೇಳಿದರೆ ಹೋಟೆಲಿನಲ್ಲಿ ರಶ್ ಅನ್ನುತ್ತಾಳೆ. ಕೋಪ ಬಂದಿದೆಯಾ? ಯಾರಾದರೂ ನನ್ನ ವಿಷಯ ಹೇಳಿದರಾ?

ಹಾಗಾದರೆ ನಾನೇ ಹೇಳಿಬಿಡುತ್ತೇನೆ. ನನ್ನನ್ನು ಆಗಸ್ಟಿನಲ್ಲಿಯೇ ಕೆಳಗಿನ ಸೆಕ್ಷನಿಗೆ ಹಾಕಿದ್ದಾರೆ. ಫಿಸಿಕ್ಸ್ ಇಂಗ್ಲಿಷಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಪದದ ಅರ್ಥ ಹುಡುಕುವುದರೊಳಗೆ ಪಾಠ ಮುಗಿದಿರುತ್ತದೆ. ಆ ವಾಕ್ಯದ ಒಂಟಿ ಹುಡುಗಿ ನಾನೇ ಮಾವ. ಕಥೆಯಲ್ಲ. ಆಫ್ರಾ ಮೇಲಿನ ಸೆಕ್ಷನಿನಲ್ಲಿದ್ದಾಳೆ, ಅವಳ ಊಟದ ಹೊತ್ತು ಬೇರೆ. ನಿಮಗೆ ಪಾಠ ಹೇಳುವಾಗ ಮಾತ್ರ ನನಗೆ ಏನೋ ಬರುತ್ತದೆ ಅನಿಸುತ್ತಿತ್ತು. ಅದೂ ಇಲ್ಲವಾದರೆ ನಾನು ಇಲ್ಲಿ ಯಾಕಿದ್ದೇನೆ ಅಂತ ಗೊತ್ತಾಗುವುದಿಲ್ಲ.

ಬೈದಾದರೂ ಒಂದು ಗೆರೆ ಬರೆಯಿರಿ.

ಸುರಕ್ಷಾ


ಮೂಡುಬಿದಿರೆ
28 ಏಪ್ರಿಲ್ 2024

ಪ್ರೀತಿಯ ಮಾವನಿಗೆ,

ಈ ಪತ್ರ ನಿಮ್ಮ ಕೈಗೇ ಸಿಗಲಿ ಅಂತ ಹಾಜಬ್ಬನ ಹೆಸರಿಗೆ ಕಳಿಸುತ್ತಿದ್ದೇನೆ. ರಜೆಯಲ್ಲಿ ಅಮ್ಮ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಬಂದಾಗ ದಾರಿಯಲ್ಲಿಯೇ ಎಲ್ಲ ಹೇಳಿದಳು. ಹುಣ್ಣಲ್ಲ, ಕ್ಯಾನ್ಸರ್. ಕೂದಲು ಹೋದದ್ದು ಹರಕೆಯಿಂದ ಅಲ್ಲ, ಮದ್ದಿನಿಂದ. ನನಗೆ ಹೇಳಬಾರದು ಅಂತ ನೀವು ಆಣೆ ಹಾಕಿಸಿದ್ದಿರಂತೆ.

ಅಲ್ಲಿ ನಿಮ್ಮ ಹತ್ತಿರ ಕೇಳಲು ಬಾಯಿ ಬರಲಿಲ್ಲ. ಈಗ ಕೇಳುತ್ತೇನೆ.

ಎರಡನೇ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ವಾರ್ಡಿಗೆ ಬಂದಿದ್ದರಲ್ಲ, ಜೊತೆಗೆ ಕಲಿಯುವ ಡಾಕ್ಟರುಗಳೂ ಇದ್ದರು. ನಿಮ್ಮ ಕಡೆ ಕೈ ತೋರಿಸಿ ಅವರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದರಲ್ಲಿ ನನಗೆ ಗೊತ್ತಿದ್ದ ಪದ ಒಂದು ಬಂತು, ಪ್ರೋಗ್ರೆಸಿವ್. ನನಗೆ ಎಷ್ಟು ಸಂತೋಷವಾಯಿತು ಅಂದರೆ ಅಮ್ಮನ ಕೈ ಹಿಡಿದು, "ಅಮ್ಮ, ಮಾವನಿಗೆ ಗುಣ ಆಗ್ತಾ ಉಂಟಂತೆ" ಅಂದೆ. ಆ ಕಲಿಯುವ ಡಾಕ್ಟರುಗಳಲ್ಲಿ ಒಬ್ಬಳು ಅದನ್ನು ಕೇಳಿಸಿಕೊಂಡಳು. ಅಮ್ಮ ನೀರು ತರಲು ಹೋದಾಗ ನನ್ನನ್ನು ಹೊರಗೆ ಕರೆದಳು.

"ಯಾರು ಹೇಳಿದ್ದು ನಿಂಗೆ ಗುಣ ಆಗ್ತಾ ಉಂಟು ಅಂತ?"

"ಡಾಕ್ಟರು ಪ್ರೋಗ್ರೆಸಿವ್ ಅಂದ್ರಲ್ಲ."

"ಇಲ್ಲ ತಂಗಿ. ಮನುಷ್ಯನಿಗೆ ಹೇಳಿದ್ರೆ ಒಳ್ಳೇದು. ಕಾಯಿಲೆಗೆ ಹೇಳಿದ್ರೆ ಕಾಯಿಲೆ ಮುಂದೆ ಹೋಗ್ತಾ ಉಂಟು, ಜಾಸ್ತಿ ಆಗ್ತಾ ಉಂಟು ಅಂತ."

ನಾನು ಒಳಗೆ ಬಂದಾಗ ನೀವು ಕಣ್ಣು ಮುಚ್ಚಿ ಮಲಗಿದ್ದಿರಿ.

ಮಾವ, ನವೆಂಬರಿನಲ್ಲಿ ನಿಮ್ಮ ಹೋಟೆಲಿಗೆ ಆ ಮೇಸ್ಟ್ರುಗಳು ಬಂದದ್ದು ನಿಜವಾ? ಆ ಪದ ನಿಮ್ಮ ರಿಪೋರ್ಟಿನಲ್ಲಿ ಇತ್ತಾ? ನಾನು ಬರೆದದ್ದನ್ನು ನಂಬಿ ನೀವು ಡಾಕ್ಟರ ಹತ್ತಿರ ಹೋಗದೆ ಕುಳಿತಿರಾ?

ನಿಜ ಬರೆಯಿರಿ. ನನಗೆ ರಾತ್ರಿ ನಿದ್ರೆ ಬರುವುದಿಲ್ಲ.

ಸುರಕ್ಷಾ


ಬಂಟ್ವಾಳ
6 ಮೇ 2024

ಮಗಳೇ ಸುರಕ್ಷಾ,

ಕೈ ನಡುಗುತ್ತದೆ, ಅಕ್ಷರ ನೋಡಿ ನಗಬೇಡ. ನನ್ನನ್ನು ಈಗ ಹೋಟೆಲಿನ ಮೇಲಿನ ಕೋಣೆಗೇ ತಂದಿದ್ದಾರೆ. ಕೆಳಗಿನಿಂದ ಒಗ್ಗರಣೆಯ ಪರಿಮಳ ಬರುತ್ತದೆ. ಆಸ್ಪತ್ರೆಗಿಂತ ಇದು ಒಳ್ಳೆಯದು.

ಆ ಮೇಸ್ಟ್ರುಗಳು ಬಂದದ್ದು ನಿಜ. ಒಬ್ಬರು ಕನ್ನಡಕದವರು, ಒಬ್ಬರು ಕುಳ್ಳ. ಬಂಗುಡೆ ಫ್ರೈ ತೆಗೆದುಕೊಂಡರು. ಅವರು ಹೋಟೆಲನ್ನೇ ಹೊಗಳಿದ್ದು. ರಿಪೋರ್ಟಿನಲ್ಲಿ ಆ ಪದ ಇತ್ತೋ ಇಲ್ಲವೋ ನಾನು ನೋಡಿಯೇ ಇಲ್ಲ, ಡಾಕ್ಟರ ಕೈಗೆ ಹಾಗೆಯೇ ಕೊಟ್ಟದ್ದು. ಡಿಸೆಂಬರಿನ ಮೊದಲ ವಾರವೇ ಹೋಗಿದ್ದೆ. ಅವರು ಮದ್ದು ಬದಲಿಸಿದರು. ಅದು ಹಿಡಿಯಲಿಲ್ಲ. ಮಾಡುವುದನ್ನೆಲ್ಲ ಮಾಡಿಯಾಗಿದೆ. ನೀನು ಕೊಟ್ಟ ಅರ್ಥ ಸರಿಯೇ ಇತ್ತು, ನಿನಗೆ ಚಪ್ಪಾಳೆಯೂ ಬಿದ್ದಿದೆ.

ಕೆಳಗಿನ ಸೆಕ್ಷನಿನ ವಿಷಯ ಬರೆದ ಕಾಗದ ನನಗೆ ತುಂಬಾ ತಡವಾಗಿ ಸಿಕ್ಕಿತು. ಆ ಒಂಟಿ ಹುಡುಗಿಯ ವಾಕ್ಯವನ್ನು ಊರಿಗೆಲ್ಲ ಓದಿ ಹೇಳಿ ನಗಾಡಿದೆನಲ್ಲ ಅಂತ ಮೈ ಜುಂ ಅಂತು. ಆ ಹುಡುಗಿ ಯಾರು ಅಂತ ನಾನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ.

ಇನ್ನು ಬರೆಯಲು ಆಗುವುದಿಲ್ಲ. ಊಟ ಬಿಡಬೇಡ.

ನಿನ್ನ ಮಾವ


ಮೂಡುಬಿದಿರೆ
1 ಜೂನ್ 2024

ಅಮ್ಮನಿಗೆ ಸುರಕ್ಷಾಳ ನಮಸ್ಕಾರಗಳು.

ನಾನು ಸರಿಯಾಗಿ ಬಂದು ಮುಟ್ಟಿದೆ. ಮಾವನ ಉತ್ತರಕ್ರಿಯೆಯ ಬೊಜ್ಜದ ದಿನ ನಿನಗೆ ಜ್ವರ ಇತ್ತಲ್ಲ, ಕಡಿಮೆ ಆಯಿತಾ? ಮಸ್ಕತ್ತಿನಿಂದ ಅಪ್ಪ ಫೋನ್ ಮಾಡಿದ್ದರಾ?

ನಾವು ಮಾವನನ್ನು ಬೆಂಕಿಗೆ ಕೊಟ್ಟ ದಿನವೇ ಅವರ ಪತ್ರ ಇಲ್ಲಿಗೆ ಬಂದಿತ್ತಂತೆ. ಆಫೀಸಿನಲ್ಲಿ ತೆಗೆದಿಟ್ಟಿದ್ದರು. ಡಿಸೆಂಬರಿನಲ್ಲಿ ಡಾಕ್ಟರ ಹತ್ತಿರ ಹೋಗಿದ್ದೆ, ಮದ್ದು ಬದಲಿಸಿದರು ಅಂತ ಬರೆದಿದ್ದಾರೆ. ನಾನು ಅದನ್ನು ಎಷ್ಟು ಸಲ ಓದಿದೆನೋ. ಒಮ್ಮೊಮ್ಮೆ ನಂಬಿಕೆ ಬರುತ್ತದೆ.

ಮಾವ ಡಿಸೆಂಬರಿನಲ್ಲಿ ಮಂಗಳೂರಿಗೆ ಹೋಗಿದ್ದರಲ್ಲ ಅಮ್ಮ? ನಿನಗೆ ನೆನಪಿದ್ದರೆ ಬರೆ. ಬೇರೆ ಏನಕ್ಕೂ ಅಲ್ಲ.

ಸುರಕ್ಷಾ


ಕೊಕ್ಕಡ
9 ಜೂನ್ 2024

ಚಿ. ಸುರಕ್ಷಾಳಿಗೆ ಅಮ್ಮನ ಆಶೀರ್ವಾದಗಳು.

ಜ್ವರ ಬಿಟ್ಟಿದೆ. ಅಂಗನವಾಡಿಗೆ ಹೋಗಲು ಶುರು ಮಾಡಿದ್ದೇನೆ. ಮಕ್ಕಳ ಗಲಾಟೆಯಲ್ಲಿ ಹೊತ್ತು ಹೋಗುತ್ತದೆ. ಅಪ್ಪ ಫೋನ್ ಮಾಡಿದ್ದರು, ನಿನ್ನನ್ನು ಕೇಳಿದರು.

ಮಾವ ಡಿಸೆಂಬರಿನಲ್ಲಿ ಹೋಗಲಿಲ್ಲ ಮಗ. ನಿನಗೆ ಯಾಕೆ ಹಾಗೆ ಬರೆದರೋ, ಆ ಹೊತ್ತಿಗೆ ಮದ್ದಿನ ಅಮಲಿನಲ್ಲಿ ಅಣ್ಣನಿಗೆ ಹಿಂದಿನದು ಮುಂದಿನದು ಗೊತ್ತಾಗುತ್ತಿರಲಿಲ್ಲ. ನವೆಂಬರ್ ಕೊನೆಗೆ ಸ್ಕ್ಯಾನಿನ ರಿಪೋರ್ಟ್ ತಂದರು. ಡಾಕ್ಟರು ಊರಲ್ಲಿರಲಿಲ್ಲ, ಮುಂದಿನ ವಾರ ತೋರಿಸಬೇಕಿತ್ತು. ನಾನು ಜೊತೆಗೆ ಹೋಗಲು ರಜೆ ಹಾಕಿ ಬಂಟ್ವಾಳಕ್ಕೆ ಬಂದಿದ್ದೆ. ಅಷ್ಟರಲ್ಲಿ ಅಣ್ಣ ನಗಾಡಿಕೊಂಡು ಕುಳಿತಿದ್ದಾರೆ.

"ಇನ್ನು ಮಂಗಳೂರು ಬೇಡ ಮಾರಾಯ್ತಿ. ಗುಣ ಆಗ್ತಾ ಉಂಟು ಅಂತ ಬರೆದಿದ್ದಾರೆ."

"ಯಾರು ಓದಿ ಹೇಳಿದ್ದು?" ಅಂತ ಕೇಳಿದೆ.

"ಸುರಕ್ಷಾಳೇ ಹೇಳಿದ್ದು. ಇನ್ನೆಂತ ಬೇಕು ನಿಂಗೆ?"

ಆ ದಿನ ಕೆಲಸದವರಿಗೆಲ್ಲ ಪಾಯಸ ಮಾಡಿಸಿದರು. ಹಾಜಬ್ಬನಿಗೂ ಕೊಟ್ಟರು. ನಿನಗೆ ಕಾಯಿಲೆಯ ವಿಷಯವೇ ಗೊತ್ತಿರಲಿಲ್ಲ, ನೀನು ರಿಪೋರ್ಟ್ ಓದುವುದು ಎಲ್ಲಿಂದ? ಮದ್ದು ಹಾಕಿಸಿಕೊಂಡು ಸಾಕಾಗಿತ್ತು, ನನ್ನನ್ನು ಸಮಾಧಾನ ಮಾಡಲು ನಿನ್ನ ಹೆಸರು ಹೇಳಿದರು ಅಂತ ಈಗ ಅನಿಸುತ್ತದೆ. ಆಗ ನಾನೂ ನಂಬಿದೆ. ಫೆಬ್ರವರಿಯಲ್ಲಿ ಕಣ್ಣು ಹಳದಿಯಾದ ಮೇಲೆಯೇ ಮತ್ತೆ ಹೋದದ್ದು. ಡಿಸೆಂಬರಿನಲ್ಲಿ ಬಂದಿದ್ದರೆ ಬೇರೆ ಮದ್ದು ಕೊಟ್ಟು ನೋಡಬಹುದಿತ್ತು ಅಂದರು ಡಾಕ್ಟರು. ಎಷ್ಟು ಸಮಯ ಸಿಗುತ್ತಿತ್ತು ಅಂತ ಕೇಳಿದರೆ ಮುಂದಿನ ರೋಗಿಯನ್ನು ಕರೆದರು.

ಹೋದದ್ದು ಹೋಯಿತು. ನೀನು ಅದನ್ನೆಲ್ಲ ತಲೆಗೆ ಹಾಕಿಕೊಳ್ಳದೆ ಓದು. ಅಣ್ಣನಿಗೆ ನಿನ್ನ ಇಂಗ್ಲಿಷಿನ ಮೇಲೆ ಎಷ್ಟು ಅಭಿಮಾನ ಇತ್ತು ಅಂತ ನಿನಗೆ ಗೊತ್ತಿಲ್ಲ.

ನಿನ್ನ ಅಮ್ಮ
ಪ್ರಫುಲ್ಲಾ


ಮೂಡುಬಿದಿರೆ
16 ಜೂನ್ 2024

ಅಮ್ಮನಿಗೆ,

ಪತ್ರ ಸಿಕ್ಕಿತು. ಹೌದು, ನಿನ್ನನ್ನು ಸಮಾಧಾನ ಮಾಡಲು ಮಾವ ಹಾಗೆ ಹೇಳಿದ್ದಿರಬೇಕು. ನಾನು ರಿಪೋರ್ಟ್ ನೋಡಿಯೇ ಇರಲಿಲ್ಲ.

ಪಾಯಸದ ವಿಷಯ ಅಪ್ಪನಿಗೆ, ಬೇರೆ ಯಾರಿಗೂ ಹೇಳಬೇಡ. ಸುಮ್ಮನೆ ಎಲ್ಲರಿಗೂ ಬೇಸರ.

ನನ್ನ ಓದು ನಡೆಯುತ್ತಾ ಉಂಟು. ಇನ್ನು ನೀನು ಪತ್ರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ನಾನೂ ಬರೆಯುವುದಿಲ್ಲ. ಬರೆಯುವಂಥದ್ದು ಏನೂ ಇಲ್ಲ.

ಸುರಕ್ಷಾ